ನನ್ನ ವಾದಕ್ಕೆ ಮಣ್ಣು ಕೊಟ್ಟರು

ಗಾಜಿನ ಗೂಡಿನ ಮುಂದೆ

ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ಗಾಜಿನ ಗೂಡೊಳಗೆ ಕೂತಿದ್ದ ಅಧಿಕಾರಿ ನಮ್ಮ ಆಯಿಗೆ ಕೇಳಿದ ಪ್ರಶ್ನೆ ತೀರಾ ಸುಲಭದ್ದು. “ನಿಮ್ಮ ಗಂಡನ ಹೆಸರೇನು?”

ನಾನು ಅದನ್ನು ಕನ್ನಡಕ್ಕೆ ತಂದೆ. ಆಯಿ ಸೆರಗು ಸರಿ ಮಾಡಿಕೊಂಡು ನನ್ನ ಕಡೆ ತಿರುಗಿದಳು.

“ನೀನ ಹೇಳ ಬೇ.”

“ಅವರೇ ಹೇಳಬೇಕು,” ಎಂದ ಅಧಿಕಾರಿ.

“ಆಯಿ, ನೀನ ಹೇಳಬೇಕಂತ.”

“ಇಂವಗೇನ ಹುಚ್ಚ ಹಿಡದೈತೇನು? ಯಾರರ ಹೇಳತಾರೇನು!”

ಆಯಿ ಎಂದರೆ ನನ್ನ ತಂದೆಯ ತಾಯಿ. ಗದಗಿನವಳು, ಎಪ್ಪತ್ತೆಂಟು ವಯಸ್ಸು. ಅಲ್ಲೇ ಹತ್ತಿರದ ಎಮರಿವಿಲ್‌ನಲ್ಲಿರುವ ಮಗಳು, ಅಂದರೆ ನನ್ನ ಶಶಿ ಅತ್ತಿಯ ಮನೆಯಲ್ಲಿ ಎರಡು ತಿಂಗಳು ಇದ್ದು ಬರಲು ಹೊರಟವಳ ಕಾವಲಿಗೆ ನಾನು ಬಂದಿದ್ದೆ. ಅಜ್ಜ ತೀರಿಕೊಂಡು ಹನ್ನೊಂದು ವರ್ಷವಾದರೂ ಆಯಿ ಅವರ ಹೆಸರು ಹೇಳುವುದಿಲ್ಲ. ಬರೀ ಹೆಸರು ಹೇಳದಿದ್ದರೆ ಚಿಂತೆ ಇರಲಿಲ್ಲ. ಅಜ್ಜನ ಹೆಸರು ಮಲ್ಲಪ್ಪ ಆದ್ದರಿಂದ ಆಯಿಯ ಬಾಯಲ್ಲಿ ಮಲ್ಲಿಗೆಗೆ “ಬಿಳೀ ಹೂ” ಎಂದೇ ಹೆಸರು. ಶ್ರೀಶೈಲದ ಮಲ್ಲಯ್ಯ “ಗುಡ್ಡದಾಂವ” ಆಗಿದ್ದಾನೆ. ದೇವರಿಗೇ ಹೆಸರು ಬದಲಿಸಿದ ಹೆಂಗಸು ಅಮೆರಿಕದ ಸರಕಾರಕ್ಕೆ ಹೆದರುತ್ತಾಳೆಯೇ?

ಕೊನೆಗೆ ನಾನೇ “ಮಲ್ಲಪ್ಪ” ಎಂದೆ. ಅಧಿಕಾರಿ ನಮ್ಮಿಬ್ಬರನ್ನೂ ಒಮ್ಮೆ ನೋಡಿ ಮುದ್ರೆ ಒತ್ತಿದ. ಹೊರಗೆ ಬಂದ ಮೇಲೆ, “ಹೆಸರು ಅನ್ನೋದು ಬರೇ ಒಂದು ಗುರುತು, ಆಯಿ. ಹೇಳಿದರ ಏನೂ ಆಗೂದಿಲ್ಲ,” ಎಂದು ಶುರು ಮಾಡಿದೆ. ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಯ ಕಪ್ಪು ತಂದವಳು, ಈಗ ಅದನ್ನೇ ಹುಡುಗರಿಗೆ ಕಲಿಸುವವಳು. ಸುಮ್ಮನಿರುವುದು ನನಗೆ ಬರುವುದಿಲ್ಲ.

“ಹಂಗಾರ ಹೇಳದಿದ್ದರೂ ಏನೂ ಆಗೂದಿಲ್ಲಲ್ಲ,” ಎಂದಳು ಆಯಿ.

ಅಮೆರಿಕದಲ್ಲಿ ನನ್ನ ಮೊದಲ ಸೋಲು. ಇನ್ನೂ ಸಾಮಾನು ಕೂಡ ಕೈಗೆ ಬಂದಿರಲಿಲ್ಲ.

ಮೂರನೇ ಮಹಡಿ, ಎದುರು ಬಾಗಿಲು

ಅತ್ತಿಯ ಅಪಾರ್ಟ್‌ಮೆಂಟಿನ ಎದುರು ಬಾಗಿಲಲ್ಲಿ ಬೆನ್ ಇದ್ದರು. ಎಂಬತ್ತು ದಾಟಿದ ಯೆಹೂದಿ ಮುದುಕರು. ಅವರನ್ನು ಬರೀ “ಬೆನ್” ಎನ್ನಬೇಕಂತೆ. ಸರ್, ಅಂಕಲ್, ಅಜ್ಜ ಯಾವುದೂ ಕೂಡದಂತೆ. ಇಲ್ಲಿಯೇ ಒಂದು ಕಾರ್ಟೂನ್ ಸಿನಿಮಾ ಸ್ಟುಡಿಯೋದಲ್ಲಿ ಅವರು ಮೂವತ್ತು ವರ್ಷ ಆಕಾಶ ಬರೆದಿದ್ದರು. ಮುಂದೆ ಇಲಿಯೋ ಮೀನೋ ಕುಣಿಯುತ್ತಿದ್ದರೆ ಹಿಂದಿನ ಮೋಡ ಬೆನ್ ಅವರದು. ಮನೆಯ ಗೋಡೆಯಲ್ಲೆಲ್ಲ ಆಕಾಶದ ತುಂಡುಗಳು.

ಹೆಂಡತಿ ಲೇಯಾ ಹೋಗಿ ನಾಲ್ಕು ವರ್ಷ. ಈಗ ಅದೇ ಕಟ್ಟಡದ ಒಂದೇ ಕೋಣೆಯ ಮನೆಗೆ ಬದಲಾಯಿಸುವವರಿದ್ದರು. ಇದನ್ನೆಲ್ಲ ಹೇಳಿದ ಅತ್ತಿ ಕೊನೆಗೆ ಎಚ್ಚರಿಕೆಯನ್ನೂ ಕೊಟ್ಟಳು: “ಸವಿ, ಶುಕ್ರವಾರ ರಾತ್ರಿ ಡಿನ್ನರಿಗೆ ಕರ್ದಿದಾರೆ. ತುಂಬಾ ನೈಸ್ ಮನುಷ್ಯ. ಪ್ಲೀಸ್, ಆರ್ಗ್ಯುಮೆಂಟ್ ಶುರು ಮಾಡ್ಬೇಡ.”

“ನಾ ಯಾವಾಗ ಶುರು ಮಾಡೇನಿ?”

ಆಯಿ ಮತ್ತು ಅತ್ತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಶುಕ್ರವಾರದ ಊಟ

ಮೇಜಿನ ಮೇಲೆ ಎರಡು ದೀಪ, ದ್ರಾಕ್ಷಾರಸ, ಕಸೂತಿ ಬಟ್ಟೆ ಮುಚ್ಚಿದ ಬ್ರೆಡ್ಡು. ಬಟ್ಟೆ ಯಾಕೆ ಎಂದು ಕೇಳಿದೆ. ಮೊದಲು ದ್ರಾಕ್ಷಾರಸಕ್ಕೆ ಮಂತ್ರ ಹೇಳುತ್ತಾರಂತೆ. ತನ್ನನ್ನು ಹಿಂದೆ ಹಾಕಿದ್ದು ಕಂಡು ಬ್ರೆಡ್ಡಿಗೆ ಅವಮಾನವಾಗಬಾರದು ಎಂದು ಅಷ್ಟು ಹೊತ್ತು ಮುಖ ಮುಚ್ಚಿಡುತ್ತಾರಂತೆ. ನಾನು ನಗು ನುಂಗಿಕೊಂಡೆ. ಆಯಿಗೆ ಮಾತ್ರ ಇದು ಪೂರ್ತಿ ಸಮಂಜಸವಾಗಿ ಕಂಡಿತು. “ಪಾಪ, ಅದಕ್ಕೂ ಮನಸ ಇರತೈತಿ,” ಎಂದಳು. ಹಾಲಿಗೊಂದು, ಮಾಂಸಕ್ಕೊಂದು ಎಂದು ಪಾತ್ರೆಗಳೇ ಬೇರೆ ಇಟ್ಟಿದ್ದನ್ನು ನೋಡಿ, “ಮಾಂಸದ ಚಮಚ ಸೈತ ಸೋಕಸಂಗಿಲ್ಲಂತ, ಛಲೋ ಮನಿತನ,” ಎಂದು ಪ್ರಮಾಣಪತ್ರವನ್ನೂ ಕೊಟ್ಟಳು.

ಊಟದ ನಡುವೆ ಬೆನ್ ಮಾತುಮಾತಿಗೂ “ಹಶೆಮ್” ಎನ್ನುತ್ತಿದ್ದರು. ಯಾರಿವರು ಎಂದು ಕೇಳಿದೆ. ಹಾಗೆಂದರೆ ಹೀಬ್ರೂ ಭಾಷೆಯಲ್ಲಿ “ಆ ಹೆಸರು” ಎಂದರ್ಥವಂತೆ. ದೇವರ ನಿಜವಾದ ಹೆಸರಿಗೆ ನಾಲ್ಕು ಅಕ್ಷರ. ಅದನ್ನು ಬರೆಯುತ್ತಾರೆ, ಓದುವುದಿಲ್ಲ. ಪ್ರಾರ್ಥನೆಯಲ್ಲಿ ಆ ಅಕ್ಷರ ಬಂದಾಗ “ನನ್ನ ಒಡೆಯ” ಎಂದು ಓದುತ್ತಾರೆ; ಮಾತಿನಲ್ಲಿ ಅದನ್ನೂ ಬಿಟ್ಟು “ಹಶೆಮ್” ಎನ್ನುತ್ತಾರೆ. ನಿಜವಾದ ಉಚ್ಚಾರ ಹೇಗಿತ್ತು ಎನ್ನುವುದೇ ಈಗ ಯಾರಿಗೂ ಖಚಿತವಿಲ್ಲವಂತೆ.

ನಾನು ಇದನ್ನು ಆಯಿಗೆ ಹೇಳಿದೆ. ಆಕೆ ಕೈಯಲ್ಲಿದ್ದ ಬ್ರೆಡ್ಡು ಕೆಳಗಿಟ್ಟಳು.

“ಅಂದರ ಇವರು ದೇವರಿಗೆ ‘ರೀ’ ಅಂತಾರ.”

ಅತ್ತಿ ನಗುತ್ತ ಇದನ್ನು ವಿವರಿಸಿದಳು: ನಮ್ಮ ಕಡೆ ಹಳೆಯ ಹೆಂಗಸರು ಗಂಡನ ಹೆಸರು ಹಿಡಿಯುವುದಿಲ್ಲ, “ರೀ” ಎಂದು ಕರೆಯುತ್ತಾರೆ, ಮದುವೆ ಮುಂಜಿಯಲ್ಲಿ ಬಲವಂತ ಮಾಡಿದರೆ ಎರಡು ಸಾಲಿನ ಒಡಪು ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳುತ್ತಾರೆ. ಬೆನ್ ಕುರ್ಚಿಯನ್ನೇ ಆಯಿಯ ಕಡೆ ತಿರುಗಿಸಿಕೊಂಡು ಕೂತರು. (ಅವರು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ, ನನ್ನ ಕನ್ನಡದಲ್ಲಿ ಅವರ ಕೆಮ್ಮು ಮಾತ್ರ ಬಿಟ್ಟುಹೋಗಿದೆ.)

“ನನಗೊಂದು ಒಡಪು ಹೇಳ್ತಾರಾ?”

“ಸುಮ್‌ಸುಮ್ಮನ ಹೇಳೂದಲ್ಲ ಅದು,” ಎಂದು ಆಯಿ ತಿರುಗಿ ಕೂತಳು.

“ಬೇರೆ ಹೆಸರುಗಳೂ ಇವೆ,” ಎಂದು ಬೆನ್ ಮುಂದುವರಿಸಿದರು. “ಅದರಲ್ಲಿ ಒಂದು ‘ಸ್ಥಳ’ ಅಂತ. ಲೇಯಾ ಹೋದಾಗ ಬಂದವರೆಲ್ಲ ನನಗೆ ಹೇಳಿದ್ದು ಅದನ್ನೇ. ಸ್ಥಳ ನಿನ್ನನ್ನು ಸಂತೈಸಲಿ ಅಂತ.”

“ಜಾಗಕ್ಕೆ ಚಿನ್ನದ ಬೆಲೆಯಿರೋ ಈ ಬೇ ಏರಿಯಾದಲ್ಲಿ ಅದಕ್ಕಿಂತ ದೊಡ್ಡ ದೇವರು ಯಾವುದೂ ಇಲ್ಲ ಬಿಡಿ,” ಎಂದೆ. ಮನೆ ಹುಡುಕಿ ಹುಡುಕಿ ದಣಿದಿದ್ದ ಅತ್ತಿಗೂ ನಗು ಬಂತು. ಬೆನ್ ಮೇಜು ಕುಟ್ಟಿ ನಕ್ಕರು. ಆ ನಗುವೇ ನನಗೆ ಧೈರ್ಯ ಕೊಟ್ಟಿತು.

“ಬೆನ್, ನೀವು ನಿಜವಾಗಿ ದೇವರನ್ನು ನಂಬ್ತೀರಾ?”

“ನಮ್ಮ ಗುಂಪಿನಲ್ಲಿ ಆ ಪ್ರಶ್ನೆ ಯಾರೂ ಕೇಳಲ್ಲ. ಶನಿವಾರ ಪ್ರಾರ್ಥನೆಗೆ ಬರ್ತೀಯಾ ಅಂತ ಕೇಳ್ತಾರೆ.”

“ಅದು ಉತ್ತರ ಅಲ್ಲ. ಪ್ರಶ್ನೆ ತಪ್ಪಿಸಿಕೊಳ್ಳೋದು.”

“ಸರಿ, ನಿನ್ನ ವಾದ ಬರೆದು ತಾ. ಉತ್ತರ ಕೊಡ್ತೀನಿ.”

ನಾನು ಚೀಲದಿಂದ ಪೆನ್ನು ತೆಗೆದೇಬಿಟ್ಟೆ. ಬೆನ್ ಎರಡೂ ಕೈ ಮೇಲೆತ್ತಿದರು. ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ ಅವರ ಮನೆಯಲ್ಲಿ ಬರೆಯುವಂತಿಲ್ಲ. ದೇವರಿಲ್ಲ ಎಂದು ಬರೆಯಲೂ ದೇವರ ರಜೆ ಮುಗಿಯಬೇಕು!

ಸೋಮವಾರ ಅವರ ಪ್ರಾರ್ಥನಾ ಪುಸ್ತಕ ಕೇಳಿ ತಂದೆ. ಬಿಳಿ ಹಾಳೆಯ ನೆತ್ತಿಯಲ್ಲಿ ಆ ನಾಲ್ಕು ಅಕ್ಷರಗಳನ್ನು ರಂಗೋಲಿ ನಕಲು ಮಾಡುವಂತೆ ಬಲದಿಂದ ಎಡಕ್ಕೆ ಬರೆದೆ. ಕೆಳಗೆ ಇಂಗ್ಲಿಷಿನಲ್ಲಿ ಮೂರು ಅಂಶ. ಒಂದು: ಹೆಸರಿಸಲಾಗದ್ದನ್ನು ವ್ಯಾಖ್ಯಾನಿಸಲಾಗದು, ವ್ಯಾಖ್ಯೆ ಇಲ್ಲದ್ದನ್ನು ಇದೆ ಎನ್ನಲಾಗದು. ಎರಡು: ಉಚ್ಚಾರ ಮರೆತೆವು ಎಂದು ಭಕ್ತರೇ ಒಪ್ಪುತ್ತಾರೆ, ಬೇಕಾದವರ ಹೆಸರನ್ನು ಯಾರೂ ಮರೆಯುವುದಿಲ್ಲ. ಮೂರು: ಯಾರೂ ಕರೆಯದ ಹೆಸರಿಗೆ ಯಾರೂ ಓಗೊಡುವುದಿಲ್ಲ, ಆದ್ದರಿಂದ ಆ ಹೆಸರಿನವರು ಯಾರೂ ಇಲ್ಲ. ಮೂರನೆಯದು ನನಗೇ ಬಹಳ ಹಿಡಿಸಿತು. ಎಲ್ಲವನ್ನೂ ಫೋನಿಗೆ ಇಳಿಸಿಕೊಂಡು, ಹಾಳೆಯನ್ನು ಅತ್ತಿಯ ಮನೆಯ ರದ್ದಿ ಬುಟ್ಟಿಗೆ ಹಾಕಿ, ಬೆನ್ ಮುಂದೆ ಓದಿದೆ.

“ಭಾನುವಾರ ಉತ್ತರ ಹೇಳ್ತೀನಿ,” ಎಂದರು. ಭಾನುವಾರ ಅವರಿಗೆ ಸ್ಮಶಾನದಲ್ಲಿ ಏನೋ ಕೆಲಸವಿತ್ತಂತೆ. ಸ್ಮಶಾನದಲ್ಲಿ ಏನು ಕೆಲಸ ಎಂದು ನಾನು ಕೇಳಲಿಲ್ಲ. ಅಲ್ಲೇ ಎಡವಿದ್ದು.

ಕಾಗದದ ತೊಟ್ಟಿ

ಊರಿನಲ್ಲಿ ನನಗೆ ಒಂದು ಖ್ಯಾತಿ ಇದೆ. ದೇವರ ಚಿತ್ರದ ಹಳೆಯ ಕ್ಯಾಲೆಂಡರು, ಹರಿದ ಪುರಾಣ, ಮದುವೆ ಕಾಗದದ ಮೇಲಿನ ಗಣಪತಿ, ಇವನ್ನು ನಮ್ಮ ಮನೆಯಲ್ಲಿ ಯಾರೂ ಬಿಸಾಡುವುದಿಲ್ಲ. ವರ್ಷಗಟ್ಟಲೆ ಅಟ್ಟದಲ್ಲಿಟ್ಟು, ನಂತರ ಅರಳಿಮರದ ಬುಡಕ್ಕೆ ಒಯ್ದು ಬಿಡುತ್ತಾರೆ. ಎಲ್ಲರೂ ಪರವೂರಿಗೆ ಹೋದಾಗ ಅಟ್ಟ ಹತ್ತಿ ಅವನ್ನು ರದ್ದಿಗೆ ಹಾಕುವುದು ನಾನು. ಇದು ನನ್ನ ಸಮಾಜಸೇವೆ.

ಗುರುವಾರ ಬೆಳಿಗ್ಗೆ ಬೆನ್ ಮನೆ ಖಾಲಿ ಮಾಡಲು ನೆರವಿಗೆ ಹೋದೆ. “ಬಾಗಿಲ ಹತ್ತಿರ ಇರೋದೆಲ್ಲ ಹೋಗೋದು,” ಎಂದು ಹೇಳಿ ಅವರು ಡಾಕ್ಟರ ಬಳಿಗೆ ಹೋದರು. ಬಾಗಿಲ ಹತ್ತಿರ ಹಳೆಯ ಪತ್ರಿಕೆಗಳ ಕಟ್ಟು, ಖಾಲಿ ಡಬ್ಬಿಗಳು, ಒಂದು ರಟ್ಟಿನ ಪೆಟ್ಟಿಗೆ. ಪೆಟ್ಟಿಗೆ ತೆರೆದರೆ ಬೆನ್ನು ಕಿತ್ತ ಪ್ರಾರ್ಥನಾ ಪುಸ್ತಕಗಳು, ಬಿಡಿ ಹಾಳೆಗಳು, ಮೇಲೆ ಒಂದು ನೀಲಿ ನೋಟ್‌ಬುಕ್ಕು. ಕೈ ತಾನಾಗಿ ಚುರುಕಾಯಿತು. ನೆಲಮಹಡಿಯಲ್ಲಿ ಕಾಗದಕ್ಕೆಂದೇ ಇದ್ದ ನೀಲಿ ತೊಟ್ಟಿಗೆ ಎಲ್ಲವನ್ನೂ ಸುರಿದೆ. ಅದರ ಹಿಂದೆಯೇ ಅತ್ತಿಯ ಮನೆಯ ರದ್ದಿ ಬುಟ್ಟಿಯನ್ನೂ ತಂದು ಸುರಿದೆ.

ಹನ್ನೆರಡೂವರೆಗೆ ಬೆನ್ ಬಂದರು. ಬಾಗಿಲ ಬಳಿ ನಿಂತು ನೆಲ ನೋಡಿದರು.

“ಪೆಟ್ಟಿಗೆ ಎಲ್ಲಿ?”

ಹೇಳಿದೆ. ಅವರು ಬೈಯಲಿಲ್ಲ. ಅಲ್ಲೇ ಇದ್ದ ಕುರ್ಚಿಯ ಮೇಲೆ ಕೋಟು ಬಿಚ್ಚದೆ ಕೂತರು.

ಆ ಹೆಸರು ಬರೆದ ಕಾಗದವನ್ನು ಅವರು ಕಸಕ್ಕೆ ಹಾಕುವುದಿಲ್ಲ, ಅಳಿಸುವುದೂ ಇಲ್ಲ. ಹರಿದರೆ, ಹಳತಾದರೆ ಕೂಡಿಟ್ಟು ಮನುಷ್ಯರನ್ನು ಹೂಳುವ ಹಾಗೆ ಸ್ಮಶಾನದಲ್ಲಿ ಹೂಳುತ್ತಾರೆ. ಬಾಗಿಲ ಹತ್ತಿರದ ಪೆಟ್ಟಿಗೆ “ಹೋಗೋದು” ನಿಜ. ಹೋಗಬೇಕಿದ್ದದ್ದು ಮಣ್ಣಿಗೆ, ಭಾನುವಾರ. ಆ ನೀಲಿ ನೋಟ್‌ಬುಕ್ಕು ಲೇಯಾ ಅವರದು. ಕಾಯಿಲೆಯ ಕೊನೆಯ ತಿಂಗಳುಗಳಲ್ಲಿ ದಿನಕ್ಕೊಂದು ಪ್ರಾರ್ಥನೆಯನ್ನು ಕೈಯಾರೆ ಬರೆದದ್ದು. “ಇದನ್ನು ಮ್ಯೂಸಿಯಂ ಮಾಡ್ಬೇಡ. ಈ ಮನೆ ಬಿಡೋ ದಿನ ಮಿಕ್ಕ ಹಾಳೆಗಳ ಜೊತೆ ಮಣ್ಣಿಗೆ ಕೊಡು,” ಎಂದು ಹೇಳಿ ಹೋಗಿದ್ದರಂತೆ. ನಾಲ್ಕು ವರ್ಷ ಡ್ರಾಯರಿನಲ್ಲಿಟ್ಟುಕೊಂಡಿದ್ದ ಬೆನ್, ಅಂದು ಬೆಳಿಗ್ಗೆಯಷ್ಟೇ ಮನಸ್ಸು ಗಟ್ಟಿ ಮಾಡಿ ಪೆಟ್ಟಿಗೆಯ ಮೇಲಿಟ್ಟಿದ್ದರು.

ಕಾಗದದ ಲಾರಿ ಬರುವುದು ಎರಡು ಗಂಟೆಗೆ.

ನಾನು ಮೆಟ್ಟಿಲು ಹಾರಿಕೊಂಡು ಇಳಿದೆ. ತೊಟ್ಟಿ ನನ್ನ ಎದೆ ಮಟ್ಟ ಇತ್ತು. ಅಷ್ಟರಲ್ಲಿ ಮೂರು ಮಹಡಿಯವರು ತಮ್ಮ ಕಾಗದವನ್ನೂ ತಂದು ಹಾಕಿದ್ದರು. ಒಳಗೆ ಹಾರಿದೆ. ಪಿಜ್ಜಾ ಡಬ್ಬಿ, ಬ್ಯಾಂಕಿನ ಲಕೋಟೆ, ಯಾರದೋ ಮಗುವಿನ ಚಿತ್ರ. ದೇವರಿಲ್ಲ ಎಂದು ವೇದಿಕೆ ಹತ್ತಿ ಹೇಳುವವಳು ದೇವರ ಹೆಸರು ಹುಡುಕುತ್ತ ಮೊಣಕಾಲು ಮಟ್ಟ ರದ್ದಿಯಲ್ಲಿ ನಿಂತಿದ್ದೆ. ಬೆನ್ ಹೊರಗಿನಿಂದ ಒಂದೊಂದೇ ಹಾಳೆ ಈಸಿಕೊಳ್ಳುತ್ತಿದ್ದರು. ಗದ್ದಲ ಕೇಳಿ ಆಯಿಯೂ ಕೋಲೂರಿಕೊಂಡು ಲಿಫ್ಟಿನಲ್ಲಿ ಇಳಿದು ಬಂದಳು.

“ಏನ ಕಳಕೊಂಡೀರಿ?”

ಹೇಳಿದೆ. ಆಯಿಗೆ ಯಾವ ಭಾಷೆಯ ಅಕ್ಷರವೂ ಬರುವುದಿಲ್ಲ. “ಕೊಡ ಇಲ್ಲೆ,” ಎಂದು ಮೆಟ್ಟಿಲ ಮೇಲೆ ಕೂತು, ನಾನು ಎಸೆದ ಹಾಳೆಗಳ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸತೊಡಗಿದಳು. “ಇದು ಛಾಪಾದ್ದು. ಇದೂ ಛಾಪಾದ್ದು.” ನೋಟ್‌ಬುಕ್ಕಿನ ರಟ್ಟು ಕಿತ್ತುಹೋಗಿತ್ತು, ಹಾಳೆಗಳು ಒಂದು ಜಾಹೀರಾತಿನ ಪುಸ್ತಕದೊಳಗೆ ತೂರಿಕೊಂಡು ಕೂತಿದ್ದವು. ನಾನು ಅದನ್ನು ಎರಡು ಸಲ ಪಕ್ಕಕ್ಕೆ ಸರಿಸಿದ್ದೆ. ಆಯಿ ಕೈಯಿಟ್ಟವಳು ತೆಗೆಯಲಿಲ್ಲ.

“ಇದ ನೋಡ. ಇದು ಕೈಲೆ ಬರದದ್ದು. ಪೆನ್ನು ಒತ್ತಿದ್ದು ಹಿಂದ ಮೂಡೇತಿ.”

“ನಿನಗ ಹೆಂಗ ಗೊತ್ತಾತು?”

“ಅವರು ಸೊಲ್ಲಾಪುರದ ಗಿರಣ್ಯಾಗ ಇದ್ದಾಗ ಕಾಗದ ಬರೀತಿದ್ರಲ್ಲ. ಓದಾಕ ಬರತಿರಲಿಲ್ಲ. ಮತ್ತೇನ ಮಾಡೂದು?”

ಬೆನ್ ಆ ಹಾಳೆಗಳನ್ನು ಎರಡೂ ಕೈಯಲ್ಲಿ ಈಸಿಕೊಂಡು ಮುತ್ತಿಟ್ಟರು. ಇಪ್ಪತ್ತು ನಿಮಿಷಕ್ಕೆ ಲಾರಿ ಬಂತು.

ನಾನು ಹೊರಗೆ ಇಳಿಯುವಾಗ ಬೆನ್ ಕೈಯಲ್ಲಿ ಇನ್ನೊಂದು ಹಾಳೆ ಇತ್ತು. ನೆತ್ತಿಯಲ್ಲಿ ನನ್ನ ರಂಗೋಲಿ ಅಕ್ಷರ, ಕೆಳಗೆ ಮೂರು ಅಂಶ.

“ಅದು ಬಿಡಿ, ನನ್ನದೇ ಕಸ.”

“ಇದರಲ್ಲಿ ನಾಲ್ಕೂ ಅಕ್ಷರ ಸರಿಯಾಗಿವೆ,” ಎಂದರು. “ಇದನ್ನೂ ಎಸೆಯೋ ಹಾಗಿಲ್ಲ.”

“ಅದರಲ್ಲಿ ಬರೆದಿರೋದು ಅವನಿಲ್ಲ ಅಂತ!”

“ಓದಿದೆ. ಚೆನ್ನಾಗಿ ಬರೆದಿದೀಯಾ.”

ಗುಡ್ಡದ ಮೇಲೆ

ಭಾನುವಾರ ಓಕ್ಲ್ಯಾಂಡಿನ ಗುಡ್ಡದ ಮೇಲಿನ ಸ್ಮಶಾನಕ್ಕೆ ಅತ್ತಿ ನಮ್ಮನ್ನೆಲ್ಲ ಕಾರಿನಲ್ಲಿ ಕರೆದೊಯ್ದಳು. ಕೆಳಗೆ ಕೊಲ್ಲಿ, ಅದರಾಚೆ ಮಂಜು ಹೊದ್ದ ಸ್ಯಾನ್ ಫ್ರಾನ್ಸಿಸ್ಕೋ. ತೋಡಿಟ್ಟ ಗುಂಡಿಯ ಬಳಿ ಏಳೆಂಟು ಜನ. ಎಲ್ಲರ ಕೈಯಲ್ಲೂ ಹಳೆಯ ಪುಸ್ತಕದ ಚೀಲಗಳು. ರಬ್ಬಿ ಒಬ್ಬ ಹೆಂಗಸು, ಹೆಸರು ನಯೋಮಿ. ಅವರ ಗುರುಗಳು ಅಂದರೆ ಮೊಣಕಾಲುದ್ದ ಬೂಟು ಹಾಕಿ ಕೈಯಲ್ಲಿ ಸನಿಕೆ ಹಿಡಿದವರು ಎಂದು ನಾನು ಎಣಿಸಿರಲಿಲ್ಲ.

ಬೆನ್ ನನ್ನ ಹಾಳೆ ತೋರಿಸಿದರು. ನಯೋಮಿ ಓದಿದರು, ಹುಬ್ಬು ಏರಿಸಿದರು.

“ನಮ್ಮ ಹಳೆಯ ಧರ್ಮಚರ್ಚೆಯ ಗ್ರಂಥದಲ್ಲಿ ಒಂದು ಮಾತಿದೆ. ಧರ್ಮಗ್ರಂಥವನ್ನು ನಮ್ಮೊಳಗಿನ ದ್ರೋಹಿ ಬರೆದಿದ್ದರೆ ಸುಡಬೇಕು. ಹೊರಗಿನವರು ಬರೆದಿದ್ದರೆ ಮುಚ್ಚಿಡಬೇಕು, ಅಂದರೆ ಹೀಗೆ ಹೂಳಬೇಕು. ಇದು ಗ್ರಂಥ ಅಲ್ಲ, ಆದರೂ ಕೇಳ್ತೀನಿ. ನೀನು ಯಾರು?”

ನನಗೆ ರೋಷ ಬಂತು. ಇಷ್ಟು ವರ್ಷ ನಾಸ್ತಿಕಳಾಗಿದ್ದು ಬರೀ ಹೊರಗಿನವಳು ಎನಿಸಿಕೊಳ್ಳುವುದೇ? “ನಾನು ದ್ರೋಹಿಯೇ,” ಎಂದೆ. “ಸ್ಪಷ್ಟವಾಗಿ ಬರೆದಿದ್ದೀನಲ್ಲ.”

“ನೀನು ನಿನ್ನ ದೇವರಿಗೆ ದ್ರೋಹಿ ಕಣಮ್ಮ,” ಎಂದರು ನಯೋಮಿ. “ನಮ್ಮ ದೇವರನ್ನು ನಂಬದೇ ಇರೋಕೆ ನಮ್ಮವರೇ ಸಾಕಷ್ಟು ಜನ ಇದ್ದಾರೆ. ಅದಕ್ಕೆ ಹೊರಗಿನಿಂದ ಜನ ತರಿಸೋ ಗತಿ ಇನ್ನೂ ಬಂದಿಲ್ಲ.”

ಹಿಂದೆ ನಿಂತಿದ್ದ ಇಬ್ಬರು ಮುದುಕರು ಹೆಮ್ಮೆಯಿಂದ ತಲೆಯಾಡಿಸಿದರು. ಸುಡುವ ಮಾತನ್ನು ಆಯಿಗೆ ಹೇಳಿದೆ. “ಸುಡೂದ ಬ್ಯಾಡ. ನಮ್ಮಾಗೂ ಸತ್ತವರನ್ನ ಸುಡಂಗಿಲ್ಲ, ಮಣ್ಣ ಕೊಡತೀವಿ,” ಎಂದು ಆಯಿ ತೀರ್ಪು ಕೊಟ್ಟಳು. ಪೀಠದ ಇಬ್ಬರೂ ಸದಸ್ಯರು ಒಮ್ಮತಕ್ಕೆ ಬಂದಿದ್ದರು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಚೀಲಗಳು ಗುಂಡಿಗೆ ಇಳಿದವು. ಕೊನೆಗೆ ಬೆನ್ ಸರದಿ. ಲೇಯಾ ಅವರ ಹಾಳೆಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ತಂದಿದ್ದರು. ಗುಂಡಿಯ ಅಂಚಿಗೆ ಹೋದರು, ಬಗ್ಗಿದರು, ಮತ್ತೆ ನೆಟ್ಟಗಾದರು. ಇನ್ನೊಮ್ಮೆ ಬಗ್ಗಿದರು. ಕೈ ಬಿಡಲಿಲ್ಲ. ಗುರುವಾರ ಕಳೆದುಹೋಗಿ ಮತ್ತೆ ಸಿಕ್ಕಿದ್ದನ್ನು ಭಾನುವಾರ ತಾನಾಗಿ ಕಳೆದುಕೊಳ್ಳುವುದು ಹೇಗೆ? ಈ ಕಷ್ಟ ತಂದಿಟ್ಟವಳು ನಾನು. ನನ್ನ ಬಳಿ ಒಂದು ಅಂಶವೂ ಇರಲಿಲ್ಲ.

ಆಯಿ ಕೋಲೂರಿಕೊಂಡು ಹೋಗಿ ಅವರ ಪಕ್ಕ ನಿಂತಳು. “ಹೆಂಡತಿ ಹೆಸರೇನಪಾ? ಹೆಸರ ಹೇಳಿ ಇಡು.” ನಾನು ಅನುವಾದಿಸಿದೆ.

“ಲೇಯಾ,” ಎಂದರು ಬೆನ್. ಆಮೇಲೆ ತುಂಬ ಸಣ್ಣಗೆ, “ನಿಮ್ಮವರದು?”

ಅಭ್ಯಾಸದಂತೆ ನಾನು ಬಾಯಿ ತೆರೆದೆ. ಆಯಿ ಕೈ ಅಡ್ಡ ಹಿಡಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ಮದುವೆ ಮನೆಯ ದನಿಯಲ್ಲಿ ಹೇಳಿದಳು:

“ಕಾಗದ ಬಂದರ ಬೆರಳಿಲೆ ಓದಿದೆ, ಒಂದಕ್ಷರ ಬರಲಿಲ್ಲ,
ಮಲ್ಲಪ್ಪನವರ ಹೆಸರ ಹೇಳತೀನಿ, ಇನ್ನವರು ಕೇಳಂಗಿಲ್ಲ.”

ಅತ್ತಿ ಮುಖ ತಿರುಗಿಸಿಕೊಂಡಳು. ಹುಟ್ಟಿದಾಗಿನಿಂದ ತಾಯಿಯ ಬಾಯಲ್ಲಿ ತಂದೆಯ ಹೆಸರು ಕೇಳಿರಲಿಲ್ಲ ಅವಳು. ನಾನು ಆ ಎರಡು ಸಾಲನ್ನು ಹೇಗೋ ಇಂಗ್ಲಿಷಿಗೆ ತಂದೆ. ಬೆನ್ ಕೇಳಿಸಿಕೊಂಡು ತಲೆಯಾಡಿಸಿದರು. ಬಗ್ಗಿ, ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಗಂಟನ್ನು ಕೆಳಗಿಟ್ಟರು. ನೆಟ್ಟಗಾದವರು ನನ್ನ ಕಡೆ ತಿರುಗಿದರು.

“ನಿನಗೊಂದು ಉತ್ತರ ಬಾಕಿ ಇತ್ತಲ್ಲ. ನಿಮ್ಮಜ್ಜಿ ಹೇಳಿಬಿಟ್ಟರು. ಅವರು ಕೇಳೋದಿಲ್ಲ ಅಂತ ಗೊತ್ತಾದ ಮೇಲೆ ಹೆಸರು ಹೇಳಿದರು. ನಮ್ಮವನು ಕೇಳೋದಿಲ್ಲ ಅಂತ ನಮಗೆ ಇನ್ನೂ ಗೊತ್ತಾಗಿಲ್ಲ. ಅದಕ್ಕೇ ಹೇಳಲ್ಲ.”

ನಂಬುತ್ತೀರಾ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಇಷ್ಟೇ. ಇದರಲ್ಲಿ ಮೂರು ತಾರ್ಕಿಕ ದೋಷಗಳಿವೆ, ಬೇಕಾದರೆ ತೋರಿಸುತ್ತೇನೆ. ಅಂದು ತೋರಿಸಲಿಲ್ಲ. ಯಾಕೆಂದರೆ ನನ್ನದೇ ಒಂದು ದೋಷ ಎದುರಿಗೆ ನಿಂತಿತ್ತು. ಯಾರೂ ಕರೆಯದ ಹೆಸರಿಗೆ ಯಾರೂ ಓಗೊಡುವುದಿಲ್ಲ ಎಂದು ಬರೆದಿದ್ದೆನಲ್ಲ? ಐವತ್ತು ವರ್ಷ ಆಯಿ ಅಜ್ಜನನ್ನು ಹೆಸರು ಹಿಡಿದು ಕರೆಯಲಿಲ್ಲ. ಅಜ್ಜ ಒಂದು ದಿನವೂ “ಆಂ?” ಎನ್ನದೆ ಇರಲಿಲ್ಲ.

“ಒಂದು ನಿಮಿಷ, ಪೆನ್ನು ಇದೆಯಾ?” ಎಂದೆ.

ಸನಿಕೆ ಹಿಡಿದ ರಬ್ಬಿ, ಏಳೆಂಟು ಯೆಹೂದಿಗಳು, ನಮ್ಮ ಅತ್ತಿ, ಎಲ್ಲರೂ ಕಾದರು. ಗುಂಡಿಯ ಅಂಚಿನಲ್ಲಿ ಮೊಣಕಾಲ ಮೇಲೆ ಹಾಳೆಯಿಟ್ಟು ಅಡಿಟಿಪ್ಪಣಿ ಬರೆದೆ: “ಮೂರನೆಯ ಅಂಶವನ್ನು ಹಿಂತೆಗೆದುಕೊಳ್ಳಲಾಗಿದೆ. ಉಳಿದೆರಡು ಹಾಗೇ ಇವೆ.” ಸಹಿ ಹಾಕಿ ಗಂಟಿನ ಪಕ್ಕ ಇಟ್ಟೆ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ನಾನೂ ಹಾಕಿದೆ.

ಫ್ರೀವೇ

ಹಿಂದಿರುಗುವಾಗ ಟ್ರಾಫಿಕ್ಕಿನಲ್ಲಿ ಕಾರು ನಿಂತಿತ್ತು. ಮುಂದಿನ ಸೀಟಿನಲ್ಲಿ ಬೆನ್ ನಿದ್ದೆ ಹೋಗಿದ್ದರು. ಕಿಟಕಿಯಾಚೆ ಅವರೇ ಬರೆದಂಥ ಮೋಡ. ಆಯಿ ಬಹಳ ಹೊತ್ತು ಏನೋ ಲೆಕ್ಕ ಹಾಕುತ್ತಿದ್ದಳು.

“ಸವೀ, ಆ ಹಾಳ್ಯಾಗ ನೀ ಏನ ಬರದಿದ್ದಿ?”

“ದೇವರಿಲ್ಲ ಅಂತ, ಆಯಿ.”

“ಅದನ್ನ ಓದಿ, ತಿಳಕೊಂಡು, ಮತ್ತ ಮರ್ಯಾದಿಲೆ ಮಣ್ಣ ಕೊಟ್ರು?”

“ಹೂಂ.”

ಆಯಿ ನನ್ನ ಕೈ ಹಿಡಿದುಕೊಂಡಳು.

“ಊರಿಗಿ ಹೋಗಿ ಬರಿಬ್ಯಾಡ ಯವ್ವಾ. ಅಲ್ಲೆ ಹಾಳಿ ಬಿಟ್ಟು ನಿನಗ ಮಣ್ಣ ಕೊಟ್ಟಾರು.”